214ನೇ ಪುಟದ ಗುಮಾಸ್ತೆ

ಪ್ರಿಯ ಯುವ ಮಿತ್ರನಿಗೆ,

ನಿನ್ನ ಹಸ್ತಪ್ರತಿ ಕೈಸೇರಿ ಎರಡು ತಿಂಗಳಾಯಿತು. ನಾಲ್ಕುನೂರಕ್ಕೂ ಮಿಕ್ಕಿದ ಪುಟಗಳನ್ನು ಈ ಕಣ್ಣುಗಳು ಓದಿ ಮುಗಿಸುವುದಕ್ಕೆ ಅಷ್ಟು ದಿನ ಬೇಕಾಯಿತೇ ಹೊರತು ಅದು ಉದಾಸೀನವಲ್ಲ. ನನ್ನ ಕಿರಿಯ ಮಗಳೇ ನಿನಗಿಂತ ಹತ್ತು ವರ್ಷ ದೊಡ್ಡವಳಾದ್ದರಿಂದ 'ನೀನು' ಎಂದೇ ಬರೆಯುತ್ತಿದ್ದೇನೆ. ಮೂವರು ಪ್ರಕಾಶಕರು ಹಿಂದಿರುಗಿಸಿದ್ದಾರೆ, ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡುವವರು ಕೇಳಿ ಬಿಡುವುದಿಲ್ಲ. ಇನ್ನು ಕಾಗುಣಿತ, ಅಧ್ಯಾಯಗಳ ಉದ್ದ, ಮಧ್ಯದಲ್ಲಿ ಕತೆ ಜಗ್ಗುವುದು, ಇವನ್ನೆಲ್ಲ ತಾಳ್ಮೆಯುಳ್ಳ ಸಂಪಾದಕರೊಬ್ಬರು ಸರಿಪಡಿಸಿಯಾರು. ಅದು ನನ್ನ ಕೆಲಸವಲ್ಲ.

ನನ್ನ ತಕರಾರು ನಿನ್ನ ಉಕ್ಕಿನ ಪೆಟ್ಟಿಗೆಯ ಬಗ್ಗೆ. ನಿನ್ನ ಕಾದಂಬರಿಯಲ್ಲಿ ಒಂದು ನಗರವಿದೆ, ಅದಕ್ಕೊಬ್ಬ ಸರ್ವಾಧಿಕಾರಿಯಿದ್ದಾನೆ, ಅವನು ಸತ್ಯವನ್ನೆಲ್ಲ ನೆಲಮಾಳಿಗೆಯ ಪೆಟ್ಟಿಗೆಯೊಂದರಲ್ಲಿ ಬೀಗ ಹಾಕಿ ಇಟ್ಟಿದ್ದಾನೆ, ಇಪ್ಪತ್ತೆರಡು ವರ್ಷದ ನಿನ್ನ ನಾಯಕ ಬೀಗ ಒಡೆದು ಅದನ್ನು ಜನರಿಗೆ ಓದಿ ಹೇಳಿದ ಕೂಡಲೇ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಓದುತ್ತಾ ನನಗೆ ಸಿಟ್ಟು ಬಂತು. ಸತ್ಯ ಎಲ್ಲಾದರೂ ಹಾಗೆ ಒಂದೇ ಕಡೆ, ಒಬ್ಬನೇ ಮನುಷ್ಯನ ಕಾವಲಿನಲ್ಲಿ ಇರುತ್ತದೆಯೇ? ಅದನ್ನು ಬಚ್ಚಿಡುವುದಕ್ಕೆ ಸಾವಿರಾರು ಕೈಗಳು ಬೇಕು, ಆ ಕೈಗಳ ಒಡೆಯರೆಲ್ಲ ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಡುವವರು. ನನ್ನ ಕೈಯೂ ಅವುಗಳಲ್ಲಿ ಒಂದಾಗಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿನ್ನ ಪತ್ರದಲ್ಲಿ ರಷ್ಯದ ಕಾದಂಬರಿಕಾರ ವಾಸಿಲಿ ಗ್ರಾಸ್‌ಮನ್ ಹೆಸರೆತ್ತಿದ್ದೀಯ. 1961ರ ಫೆಬ್ರವರಿಯಲ್ಲಿ ಸೋವಿಯತ್ ಗುಪ್ತ ಪೊಲೀಸರಾದ ಕೆಜಿಬಿಯವರು ಅವನ ಮನೆಗೆ ಬಂದು 'ಲೈಫ್ ಅಂಡ್ ಫೇಟ್' ಕಾದಂಬರಿಯ ಪ್ರತಿಗಳನ್ನಷ್ಟೇ ಅಲ್ಲ, ಕಾರ್ಬನ್ ಹಾಳೆಗಳನ್ನೂ ಟೈಪ್‌ರೈಟರಿನ ರಿಬ್ಬನ್ನನ್ನೂ ಕೂಡ ಹೊತ್ತೊಯ್ದರು. ಲೇಖಕನನ್ನು ಮನೆಯಲ್ಲೇ ಬಿಟ್ಟು ಪುಸ್ತಕವನ್ನು ಬಂಧಿಸಿದರು. 1964ರಲ್ಲಿ ಅವನು ತೀರಿಕೊಂಡ. ಗೆಳೆಯನೊಬ್ಬ ಮುಚ್ಚಿಟ್ಟಿದ್ದ ಪ್ರತಿಯಿಂದಾಗಿ ಅದು 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1988ರಲ್ಲಿ ಅವನ ದೇಶದಲ್ಲೇ ಅಚ್ಚಾಯಿತು. ನೀನು ಹೇಳಿರುವುದು ಇಷ್ಟೇ, ಎಲ್ಲರೂ ಹೇಳುವುದೂ ಇಷ್ಟೇ, ಏಕೆಂದರೆ ಈ ಕತೆಯಲ್ಲಿ ನಮಗೆ ಒಬ್ಬ ವೀರ ಸಿಗುತ್ತಾನೆ.

ಇನ್ನರ್ಧ ಕತೆ 1953ರದು. ಆ ಜನವರಿಯಲ್ಲಿ ಮಾಸ್ಕೋದ ಕೆಲವು ವೈದ್ಯರು, ಅವರಲ್ಲಿ ಬಹುಪಾಲು ಯಹೂದಿಗಳು, ನಾಯಕರನ್ನು ಕೊಲ್ಲಲು ಸಂಚು ಹೂಡಿದ್ದಾರೆಂದು ಸರ್ಕಾರವೇ ಸುಳ್ಳು ಕೇಸು ಹುಟ್ಟುಹಾಕಿತು. ಅವರಿಗೆ ಕಠಿಣ ಶಿಕ್ಷೆಯಾಗಲಿ ಎಂಬ ಪತ್ರವೊಂದಕ್ಕೆ ಹೆಸರಾಂತ ಯಹೂದಿಗಳ ಸಹಿ ಸಂಗ್ರಹಿಸಿದಾಗ ಗ್ರಾಸ್‌ಮನ್ ಕೂಡ ಸಹಿ ಹಾಕಿದ. ತಾಯಿಯನ್ನು ನಾಜಿಗಳು ಯಹೂದಿ ಎಂಬ ಕಾರಣಕ್ಕೇ ಕೊಂದಿದ್ದರು, ಯುದ್ಧವನ್ನು ಮುಂಚೂಣಿಯಲ್ಲಿ ನಿಂತು ಕಂಡು ಬರೆದಿದ್ದ, ಅಂಥವನೂ ಸಹಿ ಹಾಕಿದ. ಮಾರ್ಚ್ 5ರಂದು ಸ್ಟಾಲಿನ್ ಸತ್ತ, ಏಪ್ರಿಲ್‌ನಲ್ಲಿ ಬದುಕುಳಿದ ವೈದ್ಯರು ಬಿಡುಗಡೆಯಾದರು, ಆ ಪತ್ರ ಅಚ್ಚಾಗಲೇ ಇಲ್ಲ. ಅಚ್ಚಾಗದ ಪತ್ರದ ಸಹಿಯನ್ನು ಮರೆತುಬಿಡುವುದು ಸುಲಭವಿತ್ತು; ಅವನು ಮರೆಯಲಿಲ್ಲ, ಅದನ್ನು ಕಾದಂಬರಿಯೊಳಕ್ಕೇ ತಂದ. ಭೌತವಿಜ್ಞಾನಿ ಶ್ತ್ರೂಮ್ ಕೆಲಸ ಹೋಗುವ ಭಯದಲ್ಲಿದ್ದಾಗ ತಪ್ಪೊಪ್ಪಿಗೆ ಬರೆದುಕೊಡದೆ ಗಟ್ಟಿಯಾಗಿ ನಿಲ್ಲುತ್ತಾನೆ. ಆಮೇಲೆ ಸ್ವತಃ ಸ್ಟಾಲಿನ್ ಫೋನ್ ಮಾಡುತ್ತಾನೆ, ಹೋದ ಮರ್ಯಾದೆಯೆಲ್ಲ ವಾಪಸ್ ಬರುತ್ತದೆ, ಮೊನ್ನೆಯವರೆಗೆ ಮುಖ ತಿರುಗಿಸುತ್ತಿದ್ದವರೆಲ್ಲ ನಗುತ್ತಾರೆ. ಸುಳ್ಳು ಪತ್ರಕ್ಕೆ ಅವನು ಸಹಿ ಹಾಕುವುದು ಆಗ, ಸಂಕಟ ಕಳೆದು ಸುಖ ಬಂದ ಮೇಲೆ. ಆ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಓದಿದಾಗಲೆಲ್ಲ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ.

ಏಕೆಂದರೆ 1975ರಲ್ಲಿ ನಾನು ಒಂದು ಜಿಲ್ಲಾ ಊರಿನ ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಆ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಮೂರೇ ದಿನದಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಅದೇ ದಿನ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ ಒಂದು ಪುಟ್ಟ ಶ್ರದ್ಧಾಂಜಲಿ ಜಾಹೀರಾತು: ಟಿ. ರೂತ್ ಅವರ ಪತಿ, ಎಲ್.ಐ. ಬರ್ಟಿಯ ತಂದೆ ಡಿ.ಇ.ಎಂ. ಓಕ್ರಸಿ ತೀರಿಕೊಂಡರು ಎಂದು. ಕೂಡಿಸಿ ಓದಿದರೆ ಸತ್ಯದ ಗಂಡ, ಸ್ವಾತಂತ್ರ್ಯದ ತಂದೆ, ಡೆಮಾಕ್ರಸಿ. ಇವನ್ನೆಲ್ಲ ನಾವು ಚಹಾದಂಗಡಿಯಲ್ಲಿ ಪಿಸುಮಾತಿನಲ್ಲಿ ಹೇಳಿಕೊಂಡು ಹೆಮ್ಮೆಪಟ್ಟೆವು.

ಜುಲೈ ಕೊನೆಯ ಒಂದು ಮಳೆಯ ಮಧ್ಯಾಹ್ನ ಹೆಂಗಸೊಬ್ಬರು ಕೊಡೆಯನ್ನು ಹೊಸ್ತಿಲಾಚೆ ನಿಲ್ಲಿಸಿ ಒಳಗೆ ಬಂದರು. ಅವರ ಗಂಡ ಶಾಲಾಮಾಸ್ತರು. ಮೂರು ರಾತ್ರಿಗಳ ಹಿಂದೆ ಪೊಲೀಸರು ಕರೆದುಕೊಂಡು ಹೋಗಿದ್ದರು, ಎಲ್ಲಿಗೆಂದು ಯಾರೂ ಹೇಳುತ್ತಿರಲಿಲ್ಲ. ಗಂಡನ ಸುಳಿವು ಸಿಕ್ಕವರು ತಿಳಿಸಿ ಎಂದು ನಾಲ್ಕು ಸಾಲು ಬರೆದು ತಂದಿದ್ದರು, ಯಾರನ್ನೂ ದೂರಿರಲಿಲ್ಲ. ನಾನು ತೆಗೆದುಕೊಂಡೆ. ನಮ್ಮ ಕಂಪೋಸಿಟರ್ ಅಚ್ಚಿನ ಮೊಳೆ ಜೋಡಿಸಿಯೂ ಬಿಟ್ಟರು. ಪ್ರೂಫ್ ನನ್ನ ಮೇಜಿನ ಮೇಲೆ ಒದ್ದೆ ಒದ್ದೆಯಾಗಿ ಬಿದ್ದಿತ್ತು. ಮಾಲೀಕರು ಊರಲ್ಲಿರಲಿಲ್ಲ, ಸೆನ್ಸಾರ್ ಅಧಿಕಾರಿ ಅದನ್ನು ನೋಡಿಯೇ ಇರಲಿಲ್ಲ, ತೆಗೆಯೆಂದು ಯಾರೂ ಹೇಳಲಿಲ್ಲ. ನಾನೇ ಕೆಂಪು ಶಾಯಿಯಲ್ಲಿ ನಾಲ್ಕು ಸಾಲಿಗೂ ಅಡ್ಡಗೆರೆ ಎಳೆದೆ, ಅಳತೆಗೆ ಸರಿಹೋಗುವ ಹಲ್ಲುಪುಡಿ ಜಾಹೀರಾತೊಂದನ್ನು ಅಲ್ಲಿ ಹಾಕಿಸಿದೆ. ಕಂಪೋಸಿಟರ್ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಮಾತಾಡದೆ, ಆ ಮೊಳೆಗಳನ್ನು ಒಂದೊಂದಾಗಿ ಅವುಗಳ ಖಾನೆಗೆ ವಾಪಸ್ ಹಾಕಿದರು. ಆ ಟಿಕ್ ಟಿಕ್ ಸದ್ದು ನನಗೆ ಈಗಲೂ ಕೇಳಿಸುತ್ತದೆ.

1977ರ ಮಾರ್ಚ್‌ನಲ್ಲಿ ತುರ್ತುಪರಿಸ್ಥಿತಿ ತೆಗೆದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಿಚಾರಣೆಯೇ ಇಲ್ಲದೆ ಉಬ್ಬಸದಿಂದ ನರಳಿ, ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ, ಆ ಜನವರಿ 20ರಂದೇ ಹೋಗಿಬಿಟ್ಟಿದ್ದರು. ನಾವೆಲ್ಲ ಆಗ ಇದ್ದಕ್ಕಿದ್ದಂತೆ ಧೈರ್ಯಶಾಲಿಗಳಾದೆವು. ನಾನೂ ತುರ್ತುಪರಿಸ್ಥಿತಿಯ ಕತೆಗಳನ್ನು ಬರೆದೆ. ಒಂದರಲ್ಲಿ ಸಂಪಾದಕನೊಬ್ಬ ಸೆನ್ಸಾರ್ ಅಧಿಕಾರಿಯ ಎದುರಿಗೇ ಪ್ರೂಫ್ ಹರಿದೆಸೆಯುತ್ತಾನೆ. ಅದಕ್ಕೆ ಬಹುಮಾನ ಬಂತು, ವೇದಿಕೆಯ ಮೇಲೆ ಶಾಲು ಹೊದಿಸಿದರು. ಸಭೆಯಲ್ಲಿ ಆ ಮಾಸ್ತರೂ ಇದ್ದರು. ಬಿಡುಗಡೆಯಾಗಿ ಬಂದವರು ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದರು. ಅವರ ಹೆಂಡತಿ ಪಕ್ಕದಲ್ಲಿ ಕೂತಿದ್ದರು, ತಟ್ಟಲಿಲ್ಲ. ಆಮೇಲೆ ಬರೆದ ಹನ್ನೊಂದು ಪುಸ್ತಕಗಳಲ್ಲಿ ಎಲ್ಲಿಯೂ ನಾನು ಆ ಹಲ್ಲುಪುಡಿಯ ಜಾಹೀರಾತನ್ನು ಬರೆಯಲಿಲ್ಲ. ಈಗ ನಿನಗೆ, ಮುಖವನ್ನೂ ನೋಡದ ನಿನಗೆ, ಬರೆಯುತ್ತಿದ್ದೇನೆ.

ಆದ್ದರಿಂದ ನಿನ್ನ 214ನೇ ಪುಟಕ್ಕೆ ಬಂದಾಗ ನಾನು ಎದ್ದು ಕೂತೆ. ಅಲ್ಲೊಬ್ಬಳು ನೀರು ಹಂಚುವ ಇಲಾಖೆಯ ಗುಮಾಸ್ತೆ ಬರುತ್ತಾಳೆ. ಬಡವರ ಕೇರಿಗೆ ಹೋದ ನೀರು ಅರ್ಧ ಕೊಡ, ಅವಳು ರಿಜಿಸ್ಟರಿನಲ್ಲಿ ಬರೆಯುವುದು ಎರಡು ಕೊಡ. ಬರೆದಾದ ಮೇಲೆ ಪೆನ್ನಿನ ಮೊನೆಯನ್ನು ಸೆರಗಿನ ಅಂಚಿಗೆ ಒರೆಸಿಕೊಳ್ಳುತ್ತಾಳೆ. ಆ ಅಂಚಿನಲ್ಲಿ ವರ್ಷಗಟ್ಟಲೆಯ ಶಾಯಿ ಕಲೆಗಟ್ಟಿದೆ ಎಂದು ಬರೆದಿದ್ದೀಯ. ಇದು ನಿನಗೆ ಎಲ್ಲಿಂದ ಸಿಕ್ಕಿತು ಮಗೂ? ಯಾರದೋ ಸೆರಗನ್ನು ನೀನು ನೋಡಿರಲೇಬೇಕು. ಅವಳು ಪೆಟ್ಟಿಗೆ ಒಡೆಯಬೇಕಾಗಿಲ್ಲ, ಸತ್ಯ ದಿನಾ ಅವಳ ಕೈಯಲ್ಲೇ ಇದೆ. ಒಂದು ದಿನ ಅವಳು 'ಅರ್ಧ' ಎಂದು ಬರೆದರೆ ಏನಾಗುತ್ತದೆ, ಬರೆಯದೆ ಉಳಿದರೆ ಅವಳಿಗೆ ಏನಾಗುತ್ತದೆ, ಅದನ್ನೇ ನಾನು ಓದಬೇಕೆಂದುಕೊಂಡೆ. ನೀನೋ ಅವಳನ್ನು ಒಂದೂವರೆ ಪುಟದಲ್ಲಿ ಮುಗಿಸಿ ಮತ್ತೆ ನಿನ್ನ ನಾಯಕನ ಹಿಂದೆ ಸುರಂಗದೊಳಗೆ ಓಡಿಬಿಟ್ಟೆ! ಅವಳಿಗೊಂದು ಹೆಸರನ್ನೂ ಇಟ್ಟಿಲ್ಲ.

ಪ್ರಕಾಶಕರಿಗೆ ಶಿಫಾರಸು ಪತ್ರ ಕೇಳಿದ್ದೀಯ, ಈಗ ಕೊಡುವುದಿಲ್ಲ. ಹಸ್ತಪ್ರತಿಯನ್ನು ಇದರೊಂದಿಗೇ ಕಳಿಸಿದ್ದೇನೆ. ಒಂದು ಹಾಳೆಯ ಮೂಲೆ ಮಡಚಿದೆ, ಮಡಚಿದವನು ನಾನೇ, ಬೈಯಬೇಡ. ಅವಳಿಗೆ ಹೆಸರಿಟ್ಟ ಮೇಲೆ ಒಂದು ಕಾರ್ಡು ಬರೆ.

ಪ್ರೀತಿಯಿಂದ,
ಒಬ್ಬ ಹಳೆಯ ಪ್ರೂಫ್ ರೀಡರ್