ಒಂದೇ ದಿನ ಹುಟ್ಟಿದ ಮೊಗ್ಗುಗಳಲ್ಲ

ಭಾನುವಾರ ಸಂಜೆ ಮಣಿಪಾಲದಲ್ಲಿ ಪ್ರದರ್ಶನಕ್ಕಿಟ್ಟಿದ್ದ ನನ್ನ ಚಿತ್ರಗಳನ್ನು ಗೋಡೆಯಿಂದ ಇಳಿಸಿದೆವು. ಐದು ದಿನ, 31 ಚಿತ್ರ. ಎಲ್ಲವೂ ಗಿಡ, ಬಳ್ಳಿ, ಹೂವು. ಎಲ್ಲವೂ ಕಪ್ಪು ಶಾಯಿಯ ಗೆರೆಗಳು. ಎಲ್ಲವೂ ಎಡಗೈಯಲ್ಲಿ ಬಿಡಿಸಿದವು. ಬಲಗೈ ಸ್ವಾಧೀನ ತಪ್ಪಿದ ಕಥೆ ಇದನ್ನು ಓದುವ ಬಹುತೇಕರಿಗೆ ಗೊತ್ತು, ಅದು ಮತ್ತೆ ಬೇಡ. ಬಂದು ನೋಡಿದವರಿಗೆ, ಚೌಕಟ್ಟು ಹಾಕಿಕೊಟ್ಟವರಿಗೆ, ನನ್ನ ತರಗತಿಗಳನ್ನು ಹಂಚಿಕೊಂಡು ನಡೆಸಿದ ಸಹೋದ್ಯೋಗಿಗಳಿಗೆ, ಬೆರಳು ಬೆರಳಿಗೂ ವ್ಯಾಯಾಮ ಮಾಡಿಸಿದವರಿಗೆ, ದುಬೈಯಿಂದ ಮೂರು ಬಾರಿ ರಜೆ ಹಾಕಿ ಓಡಿಬಂದ ನನ್ನವರಿಗೆ ಮನಸಾರೆ ವಂದನೆಗಳು.

ಉಳಿದ ಮಾತೆಲ್ಲ ಎದುರು ಮನೆಯ ಅಕ್ಕನಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಉಡುಪಿ ಬಳಿಯ ಶಂಕರಪುರದಲ್ಲಿ ನಮ್ಮ ಅಂಗಳ ದಾಟಿದರೆ ಅವರ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಂದು ದಿನ ತಪ್ಪಿದರೆ ಆ ದಿನದ ಸಂಪಾದನೆ ಹೋಯಿತು.

ಕೈ ಸ್ವಾಧೀನ ತಪ್ಪಿದ ಆ ರಾತ್ರಿ ಆಸ್ಪತ್ರೆಯಲ್ಲಿ ನನ್ನ ಪಕ್ಕ ಇದ್ದವರು ಅವರೊಬ್ಬರೇ. ಬಲಗೈ ಹೊದಿಕೆಯ ಮೇಲೆ ಬಿದ್ದಿತ್ತು, ಯಾರೋ ಅಲ್ಲಿಟ್ಟು ಮರೆತುಹೋದ ಹಾಗೆ. 26 ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ ಕೈ ಅದು. ನಾನು ಅತ್ತೆ, ಕೂಗಾಡಿದೆ, ಬದುಕುವುದೇ ಬೇಡ ಎಂದೂ ಹೇಳಿದೆ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಅಕ್ಕ ಏನು ಮಾಡಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಆ ಕೈಯನ್ನು ಮಡಿಲಿಗೆ ಎಳೆದುಕೊಂಡು ಬೆಳಗಾಗುವವರೆಗೆ ನೀವುತ್ತಾ ಕುಳಿತರು. ನಾರು ಎಳೆದೆಳೆದು ಅವರ ಹೆಬ್ಬೆರಳು ಒರಟಾಗಿದೆ. ಅಂಗೈಯಲ್ಲಿ ಆ ಒರಟು ನನಗೆ ತಿಳಿಯುತ್ತಿರಲಿಲ್ಲ. ಮಣಿಕಟ್ಟು ದಾಟಿ ಮೇಲೆ ಬಂದಾಗ ತಿಳಿಯುತ್ತಿತ್ತು. ಅದು ಬರುವುದನ್ನೇ ಕಾಯುತ್ತಾ ರಾತ್ರಿ ಕಳೆದೆ.

ಗಿಡದಲ್ಲಿ ಹೂವು ಕಡಿಮೆ, ಊರಲ್ಲಿ ಮದುವೆಗಳು ಹೆಚ್ಚು, ದರ ಏರಿದ್ದ ದಿನಗಳವು. ಮರುದಿನ ಅವರ ಗಿಡದ ಮೊಗ್ಗುಗಳೆಲ್ಲ ಗಿಡದಲ್ಲೇ ಅರಳಿದವು. ಅದನ್ನು ಅಕ್ಕ ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಮಗಳ ಬಾಯಿಂದ ಕೇಳಿದೆ.

ಮನೆಗೆ ಬಂದ ಮೇಲೆ ಅವರ ಜಗಲಿಯಲ್ಲೇ ಎಡಗೈಗೆ ಪೆನ್ಸಿಲ್ ಹಿಡಿಸಿದೆ. ಮೊದಲ ಹಾಳೆಯನ್ನು ನೋಡಿ ಅಕ್ಕ, "ಇವೆಲ್ಲ ಒಂದೇ ದಿನ ಹುಟ್ಟಿದ ಮೊಗ್ಗುಗಳ ಹಾಗೆ ಇವೆಯಲ್ಲ ಟೀಚರ್" ಎಂದರು. ಮಡಿಲಿನಿಂದ ಎರಡು ಮೊಗ್ಗು ಎತ್ತಿ ಹಿಡಿದರು. ಒಂದು ಹೊಟ್ಟೆ ತುಂಬಿ ಬೆಳ್ಳಗಿತ್ತು, ಸಂಜೆಗೆ ಬಿರಿಯುವಂಥದ್ದು. ಇನ್ನೊಂದು ಕೈತಪ್ಪಿ ಕೊಯ್ದ ಎಳೆಯದು, ಹಸಿರು ಛಾಯೆ, ಬಿಗಿದ ಚೂಪು ತುದಿ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನನ್ನ ಬಲಗೈ ಬಾಯಿಪಾಠ ಒಪ್ಪಿಸಿದ ಹಾಗೆ ಮಲ್ಲಿಗೆ ಬಿಡಿಸುತ್ತಿತ್ತು, ಕಣ್ಣನ್ನು ಕೇಳುತ್ತಲೇ ಇರಲಿಲ್ಲ. ಎಡಗೈಗೆ ಯಾವ ಪಾಠವೂ ಬರುತ್ತಿರಲಿಲ್ಲ, ನೋಡದೆ ಅದಕ್ಕೆ ಗತಿಯಿರಲಿಲ್ಲ. ಬಿರಿಯಲಿರುವ ಮೊಗ್ಗಿಗೆ ನಿಬ್ಬನ್ನು ಒತ್ತಿ ಬದಿಯ ಗೆರೆಯನ್ನು ದಪ್ಪ ಮಾಡಿ, ತುದಿಯಲ್ಲಿ ಗೆರೆಗಳನ್ನು ಕೂಡಿಸದೆ ಬಿಟ್ಟೆ. ಎಳೆಯದಕ್ಕೆ ಒಂದೇ ತೆಳು ಗೆರೆ, ತುದಿ ಮುಚ್ಚಿದ್ದು. ಶಾಯಿ ಒಂದೇ, ಹಾಳೆ ಒಂದೇ, ಆದರೆ ಎರಡು ಮೊಗ್ಗುಗಳಿಗೂ ಬೇರೆ ಬೇರೆ ವಯಸ್ಸು ಬಂತು.

ಮಳೆಗಾಲದಲ್ಲಿ ಬೇಲಿಯ ಗೌರಿಹೂವಿಗೆ ಕೈ ಹಾಕಿದೆ. ಅದರ ಎಲೆಯ ತುದಿಯೇ ಬಳ್ಳಿಕುಡಿಯಾಗಿ ಸುರುಳಿ ಸುತ್ತಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಎಸಳುಗಳು ಅಂಚು ಅಲೆಯಲೆಯಾಗಿ ಹಿಂದಕ್ಕೆ ಮಡಚಿ ಮೇಲಕ್ಕೇಳುತ್ತವೆ. ನಡುಗುವ ಕೈಗೆ ಹೇಳಿಮಾಡಿಸಿದ ಹೂವು. ಹಾಳೆಯ ಎಡ ಅಂಚಿನಿಂದ ಬಳ್ಳಿ ಒಳಗೆ ಬರುತ್ತದೆ, ಕುಡಿ ಖಾಲಿ ಜಾಗದತ್ತ ಕೈ ಚಾಚುತ್ತದೆ, ಹಿಡಿಯಲು ಅಲ್ಲಿ ಏನೂ ಇಲ್ಲ. ಹಿಂದೆಯಾಗಿದ್ದರೆ ಆ ಜಾಗಕ್ಕೆ ಇನ್ನೊಂದು ಹೂವು ತುಂಬುತ್ತಿದ್ದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ನರ್ತಕಿಯರನ್ನು ಕೆಲವೇ ಗೆರೆಗಳಲ್ಲಿ ಕುಣಿಸಿದ್ದನ್ನು ವರ್ಷ ವರ್ಷವೂ ಮಕ್ಕಳಿಗೆ ತೋರಿಸಿದ್ದೇನೆ. ಬಿಟ್ಟ ಬಿಳಿಯೂ ಆ ಕುಣಿತದ ಪಾಲು ಎಂಬುದು ನನ್ನ ಕೈಗೆ ಇಳಿದದ್ದು ಈಗ.

31ನೆಯ ಚಿತ್ರ ಮಾರಾಟಕ್ಕಿರಲಿಲ್ಲ. ಕೇಳಿದವರಿಗೆ ಇಲ್ಲ ಎಂದದ್ದಕ್ಕೆ ಬೇಸರಿಸಬೇಡಿ. ಅದರಲ್ಲಿ ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದು ಮಲ್ಲಿಗೆ ಗಿಡವಿದೆ, ತುಂಬ ಅರಳಿದ ಗಿಡ. ಕೊಯ್ಯುವ ಕೈ ಇಲ್ಲ, ಬುಟ್ಟಿ ಇಲ್ಲ, ಮೇಲೆಲ್ಲ ಬಿಳಿ. ಆ ದಿನ ಆ ಗಿಡವನ್ನು ನಾನು ನೋಡಿರಲಿಲ್ಲ, ಅಕ್ಕನೂ ನೋಡಿರಲಿಲ್ಲ.

ನಿನ್ನೆ ಅದನ್ನು ಅವರ ಮನೆಗೆ ಕೊಟ್ಟುಬಂದೆ. ಬಹಳ ಹೊತ್ತು ನೋಡಿದರು. "ಇಷ್ಟೂ ಅರಳಿತ್ತಾ?" ಎಂದು ಕೇಳಿದರು. ಮತ್ತೆ, ಜಗಲಿಯಲ್ಲಿ ಮಳೆಯ ತೇವಕ್ಕೆ ಬೂಸ್ಟು ಹಿಡಿಯುತ್ತದೆ ಎಂದು ಒಳಗೆ, ದೇವರ ಕೋಣೆಯ ಪಕ್ಕದ ಗೋಡೆಗೆ ಮೊಳೆ ಹೊಡೆಯಲು ಮಗಳನ್ನು ಕರೆದರು.