ಅಡುಗೆಮನೆಯ ನಲ್ಲಿಗೆ ತೋಟದ ಪೈಪು: ಲೇಖನದಲ್ಲಿ ಬಿಟ್ಟುಹೋದ ಎಚ್ಚರಿಕೆ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸದ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಾರ್ಲಿ, ಕಹಿ ರುಚಿ ಕೊಡುವ ಹಾಪ್ಸ್ ಹೂವು, ಯೀಸ್ಟ್‌ಗಳ ವಿವರಣೆ ಅಚ್ಚುಕಟ್ಟಾಗಿದೆ. ಆದರೆ ಕುದಿಸಿದ ಬಾರ್ಲಿಯ ರಸವನ್ನು ತಣಿಸುವ ಹಂತದಲ್ಲಿ, ತೋಟಕ್ಕೆ ನೀರು ಬಿಡುವ ಪೈಪನ್ನು ಅಡುಗೆಮನೆಯ ನಲ್ಲಿಗೆ ಜೋಡಿಸಿಕೊಳ್ಳಬೇಕೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗಲಾಗಿದೆ. ಮನೆಯವರೆಲ್ಲ ಕುಡಿಯುವ ನೀರಿಗೆ ಕುತ್ತು ತರಬಲ್ಲ ಹಂತ ಅದೇ ಆಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಿನ್ನೆಸೋಟದಂಥ ರಾಜ್ಯದಲ್ಲಿ ಈ ಜೋಡಣೆ ಅನಿವಾರ್ಯ. ಚಳಿಗಾಲ ಬರುವ ಮೊದಲೇ ಮನೆಯ ಹೊರಗಿನ ನಲ್ಲಿಗಳ ನೀರನ್ನು ಒಳಗಿನಿಂದ ನಿಲ್ಲಿಸಿ ಪೈಪನ್ನು ಬರಿದು ಮಾಡದಿದ್ದರೆ, ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಪೈಪೇ ಸೀಳುತ್ತದೆ. ಹಾಗಾಗಿ ಹೆಚ್ಚಿನವರಿಗೆ ತಿಂಗಳುಗಟ್ಟಲೆ ಉಳಿಯುವುದು ಅಡುಗೆಮನೆಯ ನಲ್ಲಿಯೇ. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ರಸವನ್ನು ಕುದಿಸಿದ ಮೇಲೆ, ಬೇಡದ ಸೂಕ್ಷ್ಮಜೀವಿಗಳು ಸೇರಿಕೊಳ್ಳುವ ಮೊದಲೇ ಅದನ್ನು 20 ಡಿಗ್ರಿಯ ಹತ್ತಿರಕ್ಕೆ ಇಳಿಸಿ ಯೀಸ್ಟ್ ಹಾಕಬೇಕು. ಅದಕ್ಕಾಗಿ ತಾಮ್ರದ ಕೊಳವೆಯ ಸುರುಳಿಯೊಂದನ್ನು ಪಾತ್ರೆಯೊಳಗೆ ಮುಳುಗಿಸಿ, ಅದರ ಮೂಲಕ ತಣ್ಣೀರು ಹರಿಸುತ್ತಾರೆ.

ಜೋಡಣೆಯ ಮೊದಲ ತೊಡಕು ಥ್ರೆಡ್ಡಿನದು, ಅಂದರೆ ತಿರುಪಿನ ಸುತ್ತುಗಳದು. ಅಮೆರಿಕದ ಅಡುಗೆಮನೆ ನಲ್ಲಿಯ ತುದಿಯಲ್ಲಿರುವ ಜಾಲರಿಯನ್ನು ಬಿಚ್ಚಿದರೆ ಕಾಣುವುದು ಅಂಗುಲಕ್ಕೆ 27 ಸುತ್ತುಗಳಿರುವ ಒತ್ತಾದ ಥ್ರೆಡ್. ಅದು ಸಾಮಾನ್ಯವಾಗಿ ಹೊರಮೈಯಲ್ಲಿದ್ದರೆ 55/64 ಅಂಗುಲ, ಒಳಮೈಯಲ್ಲಿದ್ದರೆ 15/16 ಅಂಗುಲದ್ದಾಗಿರುತ್ತದೆ. ತೋಟದ ಪೈಪಿನದು ಮುಕ್ಕಾಲು ಅಂಗುಲದ, ಅಂಗುಲಕ್ಕೆ ಹನ್ನೊಂದೂವರೆ ಸುತ್ತಿನ ದಪ್ಪ ಥ್ರೆಡ್. ಇವೆರಡರ ನಡುವೆ ಹಿತ್ತಾಳೆಯ ಅಡಾಪ್ಟರ್ ಬೇಕೇ ಬೇಕು. ತೋಟದ ಪೈಪಿನ ಜೋಡಣೆಯಲ್ಲಿ ನೀರನ್ನು ತಡೆಯುವುದು ಥ್ರೆಡ್ ಅಲ್ಲ, ಒಳಗೆ ಕೂರುವ ರಬ್ಬರ್ ವಾಷರ್. ನೀರು ಜಿನುಗಿದರೆ ಟೇಪು ಸುತ್ತುವುದೂ ಇಕ್ಕಳದಿಂದ ಬಿಗಿಯುವುದೂ ವ್ಯರ್ಥ, ವಾಷರ್ ಬದಲಿಸಬೇಕು. ಹೊರಗೆಳೆದು ಬಳಸುವ ಶವರ್ ತಲೆಯ ನಲ್ಲಿಗಳಲ್ಲಿ ಇಂಥ ಥ್ರೆಡ್ ಬಹುತೇಕ ಇರುವುದೇ ಇಲ್ಲ. ಅಲ್ಲಿ ಕ್ಲ್ಯಾಂಪ್ ಹಾಕಿ ಒತ್ತಾಯದಿಂದ ಪೈಪು ಸಿಕ್ಕಿಸುವ ಸಾಹಸ ಮಾಡಬಾರದು.

ಎರಡನೆಯದು ಇದಕ್ಕಿಂತ ಬಹಳ ಗಂಭೀರವಾದದ್ದು. ಅಡುಗೆಮನೆಯ ನಲ್ಲಿಯ ಬಾಯಿ ಸಿಂಕಿನ ಅಂಚಿಗಿಂತ ಮೇಲಿರುವುದು ಅಂದಕ್ಕಾಗಿ ಅಲ್ಲ. ಸಿಂಕು ತುಂಬಿ ಕೊಳಕು ನೀರು ನಿಂತರೂ ಅದು ನಲ್ಲಿಯ ಬಾಯಿಗೆ ತಗಲದಂತೆ ನಡುವೆ ಗಾಳಿಯ ತೆರವು ಉಳಿಯಲೆಂದೇ ಹಾಗೆ ಇಡುತ್ತಾರೆ. ನಲ್ಲಿಗೆ ಪೈಪು ಸಿಕ್ಕಿಸಿ ಅದರ ತುದಿಯನ್ನು ಸ್ಯಾನಿಟೈಸರ್ ಕಲಸಿದ ಬಕೆಟ್ಟಿಗೋ ಸೋಪಿನ ನೀರು ನಿಂತ ಸಿಂಕಿಗೋ ಬಿಟ್ಟೊಡನೆ ಆ ತೆರವು ಇಲ್ಲವಾಗುತ್ತದೆ. ಅದೇ ಹೊತ್ತಿಗೆ ಬೀದಿಯ ಮುಖ್ಯ ಕೊಳವೆ ಒಡೆದರೆ, ಇಲ್ಲವೇ ಅಗ್ನಿಶಾಮಕ ದಳದವರು ಹತ್ತಿರದಲ್ಲಿ ನೀರೆಳೆದು ಒತ್ತಡ ಕುಸಿದರೆ, ಕ್ಯಾನಿನಿಂದ ಪೈಪಿನಲ್ಲಿ ಸೀಮೆಎಣ್ಣೆ ಎಳೆದಂತೆ ಬಕೆಟ್ಟಿನ ನೀರು ಹಿಮ್ಮುಖವಾಗಿ ಮನೆಯ ಕೊಳವೆಗೆ ಏರುತ್ತದೆ. ಇದು ಕೇವಲ ಊಹೆಯ ಮಾತಲ್ಲ. ವಿಶ್ವ ಮೇಳ ನಡೆದ 1933ರಲ್ಲಿ ಷಿಕಾಗೋದ ಹೋಟೆಲುಗಳಲ್ಲಿ ದೋಷಪೂರಿತ ಕೊಳವೆ ವ್ಯವಸ್ಥೆಯಿಂದಾಗಿ ಕೊಳಚೆ ಕುಡಿಯುವ ನೀರಿಗೆ ಬೆರೆತು, ಅಮೀಬಾ ಭೇದಿಗೆ 98 ಮಂದಿ ಬಲಿಯಾದರು.

ಪರಿಹಾರ ದೊಡ್ಡದೇನಲ್ಲ. ಹಿಮ್ಮುಖ ಹರಿವನ್ನು ತಡೆಯುವ ವ್ಯಾಕ್ಯೂಮ್ ಬ್ರೇಕರ್ ಎಂಬ ಪುಟ್ಟ ಹಿತ್ತಾಳೆಯ ಬಿಡಿಭಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಅಡಾಪ್ಟರಿಗೂ ಪೈಪಿಗೂ ನಡುವೆ ಹಾಕಬೇಕು. ನೀರನ್ನು ನಲ್ಲಿಯಲ್ಲೇ ನಿಲ್ಲಿಸಬೇಕು, ಪೈಪಿನ ತುದಿಯ ತಿರುಗಣೆಯಿಂದಲ್ಲ. ತುದಿಯಲ್ಲಿ ನಿಲ್ಲಿಸಿದರೆ ಪೂರ್ತಿ ಒತ್ತಡ ವ್ಯಾಕ್ಯೂಮ್ ಬ್ರೇಕರಿನ ಮೇಲೂ ನಲ್ಲಿಯ ತಿರುಗುವ ಕತ್ತಿನ ಮೇಲೂ ಬೀಳುತ್ತದೆ, ಎರಡೂ ಅದಕ್ಕೆಂದು ಮಾಡಿದವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪೈಪಿನ ತುದಿ ಯಾವ ದ್ರವದಲ್ಲೂ ಮುಳುಗಿರಬಾರದು.

ಬಿಯರಿನ ಗೊಡವೆಯೇ ಇಲ್ಲದ ಕರ್ನಾಟಕದ ಓದುಗರಿಗೂ ಈ ಮಾತು ಅನ್ವಯಿಸುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ. ನಮ್ಮ ಊರುಗಳಲ್ಲಿ ನೀರು ಬಿಡುವ ಹೊತ್ತಿಗೆ ನಲ್ಲಿಗೆ ಪೈಪು ಸಿಕ್ಕಿಸಿ ಇನ್ನೊಂದು ತುದಿಯನ್ನು ಡ್ರಮ್ಮಿನ ತಳಕ್ಕೆ ಇಳಿಬಿಡುವುದು ಮನೆಮನೆಯ ರೂಢಿ. ಅಮೆರಿಕದಲ್ಲಿ ಒತ್ತಡ ಕುಸಿಯುವುದು ಅಪರೂಪ. ಸರದಿಯ ಮೇಲೆ ನೀರು ಬಿಡುವ ಊರಿನಲ್ಲಿ ಪ್ರತಿ ಬಾರಿ ನೀರು ನಿಂತಾಗಲೂ ಕುಸಿಯುತ್ತದೆ. ಡ್ರಮ್ಮಿನ ನೀರು ಆಗ ಬೀದಿಯ ಕೊಳವೆಗೆ ಮರಳಬಹುದು. ಪೈಪಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕಟ್ಟಿದರೆ ಅಷ್ಟೇ ಸಾಕು.

ಪೈಪಿನ ಗುಣವನ್ನೂ ಗಮನಿಸಬೇಕು. ಸುರುಳಿಯಲ್ಲಿ ಹರಿಯುವ ನೀರು ರಸಕ್ಕೆ ತಾಗುವುದಿಲ್ಲವಾದ್ದರಿಂದ ತಣಿಸುವುದಕ್ಕೆ ಸಾಮಾನ್ಯ ತೋಟದ ಪೈಪು ಸಾಕು. ಆದರೆ ಅದೇ ಪೈಪಿನಿಂದ ಪಾತ್ರೆಗೆ ನೀರು ತುಂಬಬಾರದು. ಅದರ ವಾಸನೆ ನೀರಿಗೆ ಇಳಿಯುತ್ತದೆ, ಅದರ ಹಿತ್ತಾಳೆಯಲ್ಲಿ ಸೀಸವೂ ಇರಬಹುದು. ಕುಡಿಯುವ ನೀರಿಗೆಂದೇ ತಯಾರಾದ ಪೈಪುಗಳು ಬೇರೆ ಇವೆ. ಸುರುಳಿಯಿಂದ ಹೊರಬರುವ ಮೊದಲ ನೀರು ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಆ ಶಾಖಕ್ಕೆ ವಿನೈಲ್ ಪೈಪು ಮೆತ್ತಗಾಗಿ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಹೊರಹರಿವಿಗೆ ಸಿಲಿಕೋನ್ ಕೊಳವೆಯೇ ಸರಿ. ಸುರುಳಿಯ ಕೀಲುಗಳು ಪಾತ್ರೆಯ ಅಂಚಿನಿಂದ ಆಚೆಗಿರಲಿ, ಇಲ್ಲವಾದರೆ ಅಲ್ಲಿ ಜಿನುಗುವ ನೀರು ತಣಿದ ರಸಕ್ಕೇ ತೊಟ್ಟಿಕ್ಕುತ್ತದೆ.

ನೀರಿನ ಖರ್ಚಿನ ಬಗ್ಗೆಯೂ ಲೇಖನ ಮೌನವಾಗಿದೆ. ಹರಿಯುವ ನೀರು ಒಳಹೋದಾಗಿಗಿಂತ ಸರಾಸರಿ 25 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬೀಳುತ್ತದೆ ಎಂದಿಟ್ಟುಕೊಂಡರೂ, 19 ಲೀಟರ್ ರಸವನ್ನು 100ರಿಂದ 20 ಡಿಗ್ರಿಗೆ ಇಳಿಸಲು ಸುಮಾರು 60 ಲೀಟರ್ ನೀರು ಬೇಕು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಇನ್ನೂ ಹೆಚ್ಚು. 2024ರ ಮಾರ್ಚಿನಲ್ಲಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಪ್ರಕಟಿಸಿದ್ದನ್ನು ಕಂಡ ಬೆಂಗಳೂರಿಗರಿಗೆ ಈ ಲೆಕ್ಕ ಎಷ್ಟೆಂದು ಹೇಳಬೇಕಿಲ್ಲ. ಹರಿವನ್ನು ತಗ್ಗಿಸಿ, ಸುರುಳಿಯನ್ನು ಮೆಲ್ಲಗೆ ಆಡಿಸುತ್ತಿದ್ದರೆ ನೀರು ಉಳಿಯುತ್ತದೆ. ಹೊರಬಂದ ಬಿಸಿನೀರು ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಒದಗುತ್ತದೆ.

ಕಾನೂನಿನ ವಿಷಯವೊಂದನ್ನೂ ಸೇರಿಸಬೇಕಿತ್ತು. ಅಮೆರಿಕದಲ್ಲಿ 1978ರ ಕಾಯ್ದೆ ಇಬ್ಬರು ವಯಸ್ಕರಿರುವ ಮನೆಗೆ ಸ್ವಂತ ಬಳಕೆಗಾಗಿ ವರ್ಷಕ್ಕೆ 200 ಗ್ಯಾಲನ್ ಬಿಯರಿನವರೆಗೆ ತೆರಿಗೆಯಿಲ್ಲದೆ ಅವಕಾಶ ಕೊಟ್ಟಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಲೇಖನದ ಅಂತರ್ಜಾಲ ಆವೃತ್ತಿಯಲ್ಲಿ, ಪೈಪು ಜೋಡಿಸುವ ಆ ವಾಕ್ಯದ ಪಕ್ಕದಲ್ಲೇ ವ್ಯಾಕ್ಯೂಮ್ ಬ್ರೇಕರಿನ ಮತ್ತು ಪೈಪಿನ ತುದಿ ಮುಳುಗಬಾರದೆಂಬ ಎಚ್ಚರಿಕೆಯನ್ನು ಸೇರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಮಿನ್ನಿಯಾಪೊಲಿಸ್, ಅಮೆರಿಕ