ಸೂರಿಗೆ, ಎಲ್ಲರೆದುರು

ಲೋ ಸೂರಿ,

ನಿನ್ನ ಮೆಸೇಜಿಗೆ ಉತ್ತರ ಕೊಡದೆ ಇಲ್ಲಿ ಊರಿಗೆಲ್ಲ ಕೇಳೋ ಹಾಗೆ ಬರೀತಿದೀನಿ ಅಂತ ಬೈಕೋಬೇಡ. ವಾಟ್ಸಾಪಿನಲ್ಲಾದರೆ ಹೆಬ್ಬೆರಳು ತೋರಿಸಿ ಮುಗಿಸಿಬಿಡ್ತೀಯ.

ವಾರದಿಂದ ಒಬ್ಬ ಫ್ರೆಂಚ್ ಕಮ್ಮಾರನ ಮಗನ ಹಿಂದೆ ಬಿದ್ದಿದೀನಿ. ಪಿಯೆರ್ ಮೊನಾತ್. ಹೊಟ್ಟೆಪಾಡಿಗೆ ಕರಡು ತಿದ್ದೋ ಕೆಲಸ, ಅಂದರೆ ನಮ್ಮ ಪೈಕಿಯೇ. 1909ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ 'ಲಾ ವಿ ಉವ್ರಿಯೇರ್' ಅನ್ನೋ ಪಾಕ್ಷಿಕ ಶುರುಮಾಡಿದ. 'ಕಾರ್ಮಿಕರ ಬದುಕು' ಅಂತಿಟ್ಟುಕೋ. ಪತ್ರಿಕೆಯ ಬಳಗಕ್ಕೆ 'ನ್ವಾಯೊ' ಅನ್ನೋರಂತೆ. ಹಣ್ಣಿನೊಳಗಿನ ವಾಟೆ! ನಮ್ಮ ಪತ್ರಿಕೇಲಿ ಬರೀ ಸಿಪ್ಪೆ, ನೀನು ಅದರ ಖಜಾಂಚಿ. ಆ ಇಡ್ಲಿ ಲೆಕ್ಕ ಇನ್ನೂ ಬಾಕಿ ಇದೆ.

1914ರಲ್ಲಿ ಯುದ್ಧ ಬಂತು, ಪತ್ರಿಕೆ ನಿಂತಿತು. ನಿನ್ನೆವರೆಗೆ ಯುದ್ಧಕ್ಕೆ ಧಿಕ್ಕಾರ ಕೂಗ್ತಿದ್ದ ಸಿಜಿಟಿ, ಅವನದೇ ಕಾರ್ಮಿಕ ಒಕ್ಕೂಟ, ಸರ್ಕಾರದ ಪಕ್ಕ ಹೋಗಿ ನಿಂತಿತು. ಡಿಸೆಂಬರಿನಲ್ಲಿ ಮೊನಾತ್ ಅದರ ಸಮಿತಿಗೆ ರಾಜೀನಾಮೆ ಕೊಟ್ಟು, ಯಾಕೆ ಅಂತ ಅಚ್ಚು ಹಾಕಿಸಿ ಚಂದಾದಾರರಿಗೆ ಕಳಿಸಿದ. ಪತ್ರಿಕೆಯೇ ಇಲ್ಲ, ಉಳಿದಿದ್ದು ವಿಳಾಸದ ಪಟ್ಟಿ! ಮರುವರ್ಷ ಅವನನ್ನೂ ಯುದ್ಧಕ್ಕೆ ಎಳೆದುಕೊಂಡು ಹೋದರು.

ಯುದ್ಧ ಮುಗಿದ ಮೇಲೆ ಸೇರಿದ್ದ ಕಮ್ಯುನಿಸ್ಟ್ ಪಕ್ಷವೂ 1924ರ ಕೊನೆಗೆ ಅವನನ್ನ ಹೊರಗೆ ಹಾಕಿತು. 1925ರ ಜನವರಿಗೆ ಹೊಸ ಪತ್ರಿಕೆ: 'ಲಾ ರೆವಲ್ಯೂಸಿಯೋಂ ಪ್ರೊಲೆತಾರಿಯೆನ್', ಶ್ರಮಿಕರ ಕ್ರಾಂತಿ. ಅದರಲ್ಲೇ 1933ರಲ್ಲಿ ತತ್ವಚಿಂತಕಿ ಸಿಮೋನ್ ವೇಲ್ 'ನಾವು ಶ್ರಮಿಕರ ಕ್ರಾಂತಿಯ ಕಡೆಗೇ ಹೋಗ್ತಿದೀವಾ?' ಅಂತ ಕೇಳಿದಳು. ತನ್ನ ಹೆಸರಿಗೇ ಪ್ರಶ್ನೆ ಹಾಕೋ ಲೇಖನವನ್ನ ಅಚ್ಚುಮಾಡಿದ ಪತ್ರಿಕೆ ಅದು. ಇದು ಓದಿದ ರಾತ್ರಿ ನಿದ್ದೆ ಬರಲಿಲ್ಲ ಕಣೋ.

ಕಳೆದ ತಿಂಗಳು ಆಫೀಸಿನಲ್ಲಿ ಮೂವರನ್ನ ಕೆಲಸದಿಂದ ತೆಗೆದರು. ಒಬ್ಬರು ನನಗೆ ಕರಡು ತಿದ್ದೋದು ಕಲಿಸಿದವರು. ಆ ನೋಟೀಸಿನ ಕರಡು ಬಂದಿದ್ದು ನನ್ನ ಟೇಬಲ್ಲಿಗೆ. 'ಹೃದ್ಪೂರ್ವಕ ಧನ್ಯವಾದಗಳು' ಅಂತಿತ್ತು. 'ದ'ಕಾರ ಹೊಡೆದು 'ತ'ಕಾರ ಮಾಡಿ ವಾಪಸ್ ಕಳಿಸಿದೆ. ಅಷ್ಟೇ ಮಾಡಿದ್ದು. ನೋಟೀಸು ಕೈಗೆ ಬಂದಾಗ ಅವರು ಮೊದಲು ಕಾಗುಣಿತ ನೋಡಿದರು, ಅಭ್ಯಾಸ. ತಪ್ಪು ಸಿಗಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು.

ಇದನ್ನ ಬರೆಯೋಕೆ ಕೂತಿರಲಿಲ್ಲ ಮಾರಾಯ. ನಿನಗೆ ಫ್ರೆಂಚ್ ಹೆಸರು ನಾಲ್ಕು ಹೇಳಿ ಹೊಟ್ಟೆ ಉರಿಸೋಣ ಅಂತಿದ್ದೆ. ಉಚ್ಚಾರಣೆ ತಪ್ಪಿದ್ದರೆ ಭಾನುವಾರ ಮನೆಗೆ ಬಂದು ಹೇಳು. ಇಡ್ಲಿ ನೀನೇ ತಾ.

ನಿನ್ನ,
ಸಿಪ್ಪೆ ಸಂಪಾದಕ